ಪೋಸ್ಟ್‌ಗ್ರೆಸ್ ಹೊಸ ಡ್ರೈವರ್, ಹೊಸ ಟೂಲ್: ದಾವಣಗೆರೆ-ಚಿತ್ರದುರ್ಗ ಬಳಗದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ 18 ಬಂದ ಮೇಲೆ ಡ್ರೈವರ್ (ಪ್ರೋಗ್ರಾಮನ್ನ ಡೇಟಾಬೇಸಿಗೆ ಜೋಡಿಸೋದು), ಪಿಜಿಅಡ್ಮಿನ್ (ಡೇಟಾಬೇಸನ್ನ ಪರದೆ ಮೇಲೆ ನೋಡಿಕೊಳ್ಳೋ ಟೂಲ್), ಬ್ಯಾಕಪ್ ಟೂಲ್ ಬಗ್ಗೆ ಪ್ರಶ್ನೆ ಜಾಸ್ತಿ ಆಗಿವೆ. ನಮ್ಮ ಡಿಬಿಎ (ಡೇಟಾಬೇಸ್ ನೋಡಿಕೊಳ್ಳೋ) ಸಾರ್ ಇವತ್ತು ಸಂಜೆ ಉತ್ತರ ಕೊಡ್ತಾರೆ. ಎರರ್ ಸಾಲನ್ನ ಪೂರ್ತಿ ಬರೀರಿ, ವರ್ಷನ್ ಹಾಕ್ರಿ.

ಹರಿಹರ: ಸಾರ್, ಸರ್ವರ್ 16ಕ್ಕೆ ಏರಿಸಿ ಪಾಸ್‌ವರ್ಡ್ ಹೊಸದಾಗಿ ಕೊಟ್ವಿ. ಹಳೇ ಜಾವಾ ಬಿಲ್ಲಿಂಗ್ ಕನೆಕ್ಟ್ ಆಗ್ತಿಲ್ಲ. ‘ಅಥೆಂಟಿಕೇಶನ್ ಟೈಪ್ 10 ಈಸ್ ನಾಟ್ ಸಪೋರ್ಟೆಡ್’ ಅಂತಿದೆ. ಡ್ರೈವರಿನ ಜಾರ್ ಫೈಲ್ 9.4.

ಡಿಬಿಎ: ಸರ್ವರ್ ಸರಿಯಾಗೇ ಇದೆ, ಜಾರ್ ಹಳೇದು. 14ನೇ ಆವೃತ್ತಿಯಿಂದ ಪಾಸ್‌ವರ್ಡನ್ನ ಎಂಡಿ5 ಅನ್ನೋ ಹಳೇ ಕ್ರಮ ಬಿಟ್ಟು ಸ್ಕ್ರಾಮ್ ಅನ್ನೋ ಹೆಚ್ಚು ಭದ್ರ ಕ್ರಮದಲ್ಲಿ ಇಡ್ತಾರೆ. ಜೆಡಿಬಿಸಿ (ಜಾವಾದ) ಡ್ರೈವರ್ ಸ್ಕ್ರಾಮ್ ಕಲಿತದ್ದು 42.2.0ರಲ್ಲಿ. 42.7 ಸಾಲಿನ ಕೊನೇ ಜಾರ್ ಹಾಕಿ, 42.7.7ಕ್ಕಿಂತ ಕೆಳಗಿನದು ಬೇಡ, ಹಿಂದಿನ ಕೆಲವದರಲ್ಲಿ ಭದ್ರತೆಯ ತೂತುಗಳಿವೆ. ಜಾವಾ 8 ಇದ್ದರೆ ಸಾಕು.

ಪಿ.ಜೆ. ಬಡಾವಣೆ: ಸಾರ್, ಪೈಥಾನಲ್ಲಿ ಸೈಕೋಪಿಜಿ2 ಡ್ರೈವರ್ ಬಿಟ್ಟು 3ಕ್ಕೆ ಹೋಗಬಹುದಾ? ಫೈನಲ್ ಇಯರ್ ಪ್ರಾಜೆಕ್ಟಿಗೆ.

ಭೀಮಸಮುದ್ರ: ಹರಿಹರದವರಿಗೆ ಇಲ್ಲಿದೆ ನೋಡಿ, ಬೇರೆ ಗ್ರೂಪಿಂದ ಬಂದಿದ್ದು: ‘ಪಿಜಿ_ಎಚ್‌ಬಿಎ ಫೈಲಲ್ಲಿ ಸ್ಕ್ರಾಮ್ ಅಳಿಸಿ ಟ್ರಸ್ಟ್ ಅಂತ ಹಾಕಿ, ರೀಸ್ಟಾರ್ಟ್ ಮಾಡಿ. ನೂರಕ್ಕೆ ನೂರು ಪರಿಹಾರ.’

ಡಿಬಿಎ: ದಯವಿಟ್ಟು ಯಾರೂ ಇದನ್ನ ಮಾಡಬೇಡಿ. ಯಾರನ್ನ ಹೇಗೆ ಒಳಗೆ ಬಿಡಬೇಕು ಅಂತ ಬರೆದಿರೋ ಫೈಲು ಪಿಜಿ_ಎಚ್‌ಬಿಎ. ಅಲ್ಲಿ ಟ್ರಸ್ಟ್ ಅಂದರೆ ಪಾಸ್‌ವರ್ಡನ್ನೇ ಕೇಳದೆ ಒಳಗೆ ಬಿಡೋದು. ಪೋಸ್ಟ್‌ಗ್ರೆಸ್ಸಿನ 5432 ಪೋರ್ಟ್ ಹೊರಗೆ ತೆರೆದಿದ್ದರೆ ಯಾರು ಬೇಕಾದರೂ ಸೂಪರ್‌ಯೂಸರ್ ಆಗಿ ಬಂದು ‘ಕಾಪಿ ಪ್ರೋಗ್ರಾಂ’ ಮೂಲಕ ನಿಮ್ಮ ಯಂತ್ರದ ಮೇಲೆ ಕಮಾಂಡ್ ಓಡಿಸಬಹುದು. ಫಾರ್ವರ್ಡ್ ಮಾಡೋ ಮೊದಲು ಒಂದು ಸಲ ಓದಿ.

ಜಗಳೂರು: ಎಕ್ಸೆಲ್‌ನಿಂದ ಡೇಟಾಬೇಸಿಗೆ ಸೇರೋಕೆ ಒಡಿಬಿಸಿ ಡ್ರೈವರ್ ಹಾಕಿದ್ರೆ ‘ಆರ್ಕಿಟೆಕ್ಚರ್ ಮಿಸ್‌ಮ್ಯಾಚ್’. ಹೆಂಗೋ ಒಂದು ಯಂತ್ರದಲ್ಲಿ ಕನೆಕ್ಟ್ ಆದ್ರೂ ಕನ್ನಡ ಹೆಸರೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ.

ಡಿಬಿಎ: ನಿಮ್ಮ ಎಕ್ಸೆಲ್ 32 ಬಿಟ್ಟಿನದಾದರೆ ಡ್ರೈವರೂ 32 ಬಿಟ್ಟಿನದೇ ಬೇಕು, ವಿಂಡೋಸ್ 64 ಆಗಿದ್ದರೂ. ಅದರ ಡಿಎಸ್‌ಎನ್ (ಕನೆಕ್ಷನ್ ಹೆಸರು) ಮಾಡೋಕೆ ಸಿಸ್‌ವಾವ್64 ಫೋಲ್ಡರಿನಲ್ಲಿರೋ ಒಡಿಬಿಸಿ ಅಡ್ಮಿನಿಸ್ಟ್ರೇಟರ್ ತೆಗೀರಿ. ಹೆಸರಲ್ಲಿ 64 ಇದ್ದರೂ 32ರದ್ದು ಇರೋದು ಅಲ್ಲೇ. ಡ್ರೈವರ್ ಪಟ್ಟಿಯಲ್ಲಿ ‘ಆನ್ಸಿ’ ಬಿಟ್ಟು ‘ಯೂನಿಕೋಡ್’ ಆರಿಸಿ, ಕನ್ನಡ ಬರುತ್ತೆ.

ಹೊಸದುರ್ಗ: ಸಾರ್ ನಮಗೂ ಟೈಪ್ 10 ಎರರ್.

ಡಿಬಿಎ: ಮೇಲೆ ಬರೆದಿದ್ದೀನಿ. ಜಾರ್ ಬದಲಿಸಿ.

ಚಳ್ಳಕೆರೆ: ಸಾರ್, ನಮ್ಮದು ಶೇಂಗಾ ಎಣ್ಣೆ ಮಿಲ್ಲಿನ ಖರೀದಿ ಸಾಫ್ಟ್‌ವೇರ್. ಸೆಂಟ್‌ಓಎಸ್ 7 ಲಿನಕ್ಸಲ್ಲಿ ಪೋಸ್ಟ್‌ಗ್ರೆಸ್ 15 ಇತ್ತು. ಅದಕ್ಕೆ ಹೊಸ ಪ್ಯಾಕೇಜ್ ಬರೋದು ನಿಂತ ಮೇಲೆ ಬೇರೆ ಯಂತ್ರಕ್ಕೆ ರಾಕಿ ಲಿನಕ್ಸ್ 9 ಹಾಕಿ, ಅದೇ 15 ಹಾಕಿ, ಡೇಟಾ ಫೋಲ್ಡರ್ ಹಂಗೇ ಕಾಪಿ ಮಾಡಿದ್ವಿ. ಸ್ಟಾರ್ಟ್ ಆಯ್ತು. ಕೊಲೇಶನ್ (ಅಕ್ಷರ ಜೋಡಿಸೋ ಕ್ರಮ) ವರ್ಷನ್ 2.17 ಇತ್ತು, ಈಗ 2.34 ಐತೆ ಅಂತ ವಾರ್ನಿಂಗ್ ಬರ್ತಿತ್ತು. ಒಬ್ಬರು ಕಳಿಸಿದ ‘ರಿಫ್ರೆಶ್ ಕೊಲೇಶನ್ ವರ್ಷನ್’ ಕಮಾಂಡ್ ಕೊಟ್ವಿ, ವಾರ್ನಿಂಗ್ ಹೋಯ್ತು. ಈಗ ಕೆಲವು ಲಾಟ್ ನಂಬರ್ ಹುಡುಕಿದ್ರೆ ಸಿಗಲ್ಲ, ಪೂರ್ತಿ ಪಟ್ಟಿ ತೆಗೆದ್ರೆ ಕಾಣ್ತಾವೆ. ಹೊಸ ಪಿಜಿಅಡ್ಮಿನ್ ಬಗ್ ಇರಬಹುದಾ?

ಡಿಬಿಎ: ಚಳ್ಳಕೆರೆಯವರೇ, ಮೊದಲು ಖರೀದಿ ಎಂಟ್ರಿ ನಿಲ್ಲಿಸಿ. ಉಳಿದದ್ದನ್ನ ಆಮೇಲೆ ಓದಿ.

ಇದು ಪಿಜಿಅಡ್ಮಿನ್ ಬಗ್ ಅಲ್ಲ. ಅಕ್ಷರಗಳನ್ನ ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿಯನ್ನ ಕೇಳುತ್ತೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮ ಬಹಳ ಬದಲಾಯ್ತು. ನೀವು 2.17ರಿಂದ 2.34ಕ್ಕೆ ಬಂದು ಅದನ್ನ ದಾಟಿದ್ದೀರಿ. ಹಳೇ ಕ್ರಮದಲ್ಲಿ ‘11’ ಮೊದಲು, ‘1-1’ ಆಮೇಲೆ. ಹೊಸದರಲ್ಲಿ ‘1-1’ ಮೊದಲು. ನಿಮ್ಮ ಲಾಟ್ ನಂಬರಲ್ಲಿ ಅಡ್ಡಗೆರೆ ಇದೆ ಅಂತ ನನ್ನ ಅಂದಾಜು.

ಕಾಪಿ ಮಾಡಿದ ಫೋಲ್ಡರಲ್ಲಿ ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಸೂಚಿ) ಹಳೇ ಕ್ರಮದಲ್ಲೇ ಕೂತಿದೆ. ಹುಡುಕಾಟ ಹೊಸ ಕ್ರಮ ಹಿಡಿದು ಹೋಗಿ, ತಪ್ಪು ಕಡೆ ತಿರುಗಿ, ‘ಇಲ್ಲ’ ಅಂತ ವಾಪಸ್ ಬರುತ್ತೆ. ಸಿಗದಿರೋದು ಸಣ್ಣ ತೊಂದರೆ. ನನಗೆ ಹೆದರಿಕೆ ಇರೋದು ಒಂದೇ ನಂಬರ್ ಎರಡು ಸಲ ಬರದಂಗೆ ತಡೆಯೋ ಯೂನೀಕ್ ಇಂಡೆಕ್ಸ್ ಬಗ್ಗೆ. ಅದೂ ಹಿಂಗೇ ನೋಡಿ, ‘ಈ ಲಾಟ್ ಇನ್ನೂ ಬಂದಿಲ್ಲ’ ಅಂದುಕೊಂಡು ಅದೇ ನಂಬರನ್ನ ಎರಡನೇ ಸಲ ಒಳಗೆ ಬಿಡುತ್ತೆ. ಒಂದೇ ಲಾಟಿಗೆ ಎರಡು ಪಾವತಿ ಆಗಬಹುದು, ಒಬ್ಬ ರೈತನ ಶೇಂಗಾ ಇನ್ನೊಬ್ಬನ ಲೆಕ್ಕಕ್ಕೆ ಹೋಗಬಹುದು.

ರಿಫ್ರೆಶ್ ಕಮಾಂಡ್ ಏನನ್ನೂ ರಿಪೇರಿ ಮಾಡಲ್ಲ, ಹೊಸ ವರ್ಷನ್ ನಂಬರನ್ನ ಬರೆದುಕೊಳ್ಳುತ್ತೆ ಅಷ್ಟೇ. ಇಂಡೆಕ್ಸೆಲ್ಲ ಮತ್ತೆ ಕಟ್ಟಿದ ಮೇಲೆ ಕೊನೇಲಿ ಕೊಡಬೇಕಾದದ್ದು ಅದು. ನಿಮಗೆ ಕಳಿಸಿದವರು ಎಚ್ಚರಿಕೆಯ ಬಾಯಿ ಮುಚ್ಚಿಸಿದರು, ಕಾಯಿಲೆ ಒಳಗೇ ಉಳೀತು.

ಈಗ ಸರ್ವರ್ ನಿಲ್ಲಿಸಿ ಡೇಟಾ ಫೋಲ್ಡರಿನ ಒಂದು ಕಾಪಿ ಬೇರೆ ಡಿಸ್ಕಿಗೆ ತೆಗೀರಿ. ಆಮೇಲೆ ಸರ್ವರ್ ಮತ್ತೆ ಶುರು ಮಾಡಿ ನೀವೊಬ್ಬರೇ ಒಳಗೆ ಹೋಗಿ, ಆ ಸೆಶನ್‌ನಲ್ಲಿ ಎನೇಬಲ್_ಇಂಡೆಕ್ಸ್‌ಸ್ಕ್ಯಾನ್, ಎನೇಬಲ್_ಇಂಡೆಕ್ಸ್‌ಓನ್ಲಿಸ್ಕ್ಯಾನ್, ಎನೇಬಲ್_ಬಿಟ್‌ಮ್ಯಾಪ್‌ಸ್ಕ್ಯಾನ್ ಮೂರನ್ನೂ ಆಫ್ ಮಾಡಿ (ಇಂಡೆಕ್ಸ್ ಬಿಟ್ಟು ಟೇಬಲನ್ನೇ ಓದಲಿ ಅಂತ), ಲಾಟ್ ನಂಬರಿನ ಮೇಲೆ ಗ್ರೂಪ್ ಬೈ ಹಾಕಿ ಒಂದಕ್ಕಿಂತ ಹೆಚ್ಚಿರೋದನ್ನ ತೆಗೀರಿ. ಜೋಡಿಗಳನ್ನ ಬಿಡಿಸಿದ ಮೇಲೆ ‘ರೀಇಂಡೆಕ್ಸ್ ಡೇಟಾಬೇಸ್’. ಜೋಡಿ ಉಳಿದಿದ್ದರೆ ಅದು ಅಲ್ಲೇ ನಿಲ್ಲುತ್ತೆ, ನಿಲ್ಲಲಿ. ಆಮೇಲೆ ಇಂಡೆಕ್ಸ್ ಸರಿ ಇದೆಯಾ ಅಂತ ನೋಡೋ ಪಿಜಿ_ಆಮ್‌ಚೆಕ್ ಓಡಿಸಿ. 14ರಿಂದ ಈ ಟೂಲ್ ಜೊತೆಗೇ ಬರುತ್ತೆ.

ಫೋಲ್ಡರ್ ಕಾಪಿ ಬದಲು ಪಿಜಿ_ಡಂಪ್ ಟೂಲಿನಿಂದ ಬ್ಯಾಕಪ್ ತೆಗೆದು ಹೊಸ ಯಂತ್ರದಲ್ಲಿ ರಿಸ್ಟೋರ್ ಮಾಡಿದ್ದರೆ ಇಂಡೆಕ್ಸ್ ಹೊಸ ಕ್ರಮದಲ್ಲೇ ಹುಟ್ಟುತ್ತಿತ್ತು. ಸೆಂಟ್‌ಓಎಸ್ 7 ಬಿಡ್ತಿರೋ ಎಲ್ಲರೂ ಇದನ್ನ ಗಮನಿಸಿ.

ಹಿರಿಯೂರು: ಅದಕ್ಕೇ ನಾನು ಹೇಳೋದು, ನಡೀತಿರೋದನ್ನ ಮುಟ್ಟಬಾರದು. ನಮ್ಮ ಗಿರಾಕಿಗಳ ಹತ್ರ ಇನ್ನೂ ಪೋಸ್ಟ್‌ಗ್ರೆಸ್ 12 ಓಡ್ತೈತೆ, ಒಂದು ದಿನ ತೊಂದರೆ ಇಲ್ಲ.

ಚನ್ನಗಿರಿ: 12ಕ್ಕೆ 2024ರ ನವೆಂಬರಲ್ಲೇ ಬೆಂಬಲ ಮುಗೀತು ಸ್ವಾಮಿ. ಒಂದೊಂದು ಆವೃತ್ತಿಗೂ ಐದೇ ವರ್ಷ. ತೂತು ಕಂಡರೆ ಯಾರು ಮುಚ್ಚಬೇಕು?

ಹಿರಿಯೂರು: ಆ ಖರ್ಚು ನೀವು ಕೊಡ್ತೀರಾ? ಅಡಿಕೆ ಮಂಡಿಯವರು ಎಎಂಸಿ (ವಾರ್ಷಿಕ ನಿರ್ವಹಣೆ) ದುಡ್ಡು ಕೊಡೋಕೇ ವರ್ಷಗಟ್ಟಲೆ ಸತಾಯಿಸ್ತಾರೆ.

ಚನ್ನಗಿರಿ: ಎಎಂಸಿ ತಗೊಂಡ ಮೇಲೆ ಅದು ನಿಮ್ಮ ಜವಾಬ್ದಾರಿ. ದುಡ್ಡು ತಗೊಂಡು ಕೈಕಟ್ಟಿ ಕೂರೋದು ಸೇವೆ ಅಲ್ಲ.

ಹಿರಿಯೂರು: ನಾಲಿಗೆ ಬಿಗಿ ಹಿಡಿದು ಮಾತಾಡ್ರೀ. ನಿಮ್ಮ ಗಿರಾಕಿಗಳು ನಮ್ಮ ಹತ್ರ ಯಾಕೆ ಬರ್ತಿದ್ದಾರೆ ಅಂತ ಇಲ್ಲೇ ಹೇಳಲಾ?

ಹೊಳಲ್ಕೆರೆ: ಜಗಳದ ನಡುವೆ ಒಂದು ಪ್ರಶ್ನೆ. 17.6ರ ಪಿಜಿ_ಡಂಪಿಂದ ತೆಗೆದ ಬ್ಯಾಕಪ್ಪನ್ನ ರಿಸ್ಟೋರ್ ಮಾಡೋಕೆ ಹೋದ್ರೆ ಕಮಾಂಡ್ ಓಡಿಸೋ ಟೂಲಾದ ಹಳೇ ಪಿಎಸ್‌ಕ್ಯೂಎಲ್‌ನಲ್ಲಿ ‘ಇನ್‌ವ್ಯಾಲಿಡ್ ಕಮಾಂಡ್ ರಿಸ್ಟ್ರಿಕ್ಟ್’ ಅಂತಿದೆ.

ಭೀಮಸಮುದ್ರ: ಆ ಸಾಲು ಡಿಲೀಟ್ ಮಾಡಿ, ಓಡುತ್ತೆ. ನಮ್ಮ ಹತ್ರ ಸ್ಕ್ರಿಪ್ಟ್ ಐತೆ, ಕಳಿಸ್ತೀನಿ.

ಡಿಬಿಎ: ಕಳಿಸಬೇಡಿ. ಡಂಪ್ ಫೈಲಿನೊಳಗೆ ಯಾರಾದರೂ ಕಮಾಂಡ್ ಅಡಗಿಸಿಟ್ಟರೆ ರಿಸ್ಟೋರ್ ಮಾಡುವಾಗ ಅದು ಓಡದಿರಲಿ ಅಂತ 2025ರ ಆಗಸ್ಟ್ ಬಿಡುಗಡೆಗಳಲ್ಲಿ ಹಾಕಿದ ತಡೆ ಅದು. ಸ್ಕ್ರಿಪ್ಟಿನಿಂದ ಅಳಿಸೋ ರೂಢಿ ಬಿದ್ದರೆ ನಾಳೆ ಬೇರೆಯವರ ಫೈಲಿಗೂ ಅದನ್ನೇ ಮಾಡ್ತೀರಿ. ಪಿಎಸ್‌ಕ್ಯೂಎಲ್ ಏರಿಸಿ: 17.6, 16.10, 15.14, ನಿಮ್ಮ ಸಾಲಿನದ್ದು ಯಾವುದೋ ಅದು.

ಹೊಸದುರ್ಗ: ಸಾರ್ ಜಾರ್ ಬದಲಿಸೋಕೆ ಸೋರ್ಸ್ ಕೋಡ್ ಇಲ್ಲ. ಎಚ್‌ಬಿಎ ಫೈಲಲ್ಲಿ ಎಂಡಿ5 ಹಾಕಿದ್ವಿ, ಆದ್ರೂ ಅದೇ ಟೈಪ್ 10.

ಡಿಬಿಎ: ಪಾಸ್‌ವರ್ಡ್ ಸ್ಕ್ರಾಮಲ್ಲಿ ಉಳಿದಿದ್ದರೆ ಅಲ್ಲಿ ಎಂಡಿ5 ಬರೆದರೂ ಸರ್ವರ್ ಸ್ಕ್ರಾಮನ್ನೇ ಕೇಳುತ್ತೆ. ಸೋರ್ಸ್ ಬೇಕಿಲ್ಲ, ಲಿಬ್ ಫೋಲ್ಡರಿನಲ್ಲಿರೋ ಜಾರ್ ತೆಗೆದು ಹೊಸದು ಇಡಿ. ಎಂಡಿ5 ಹಿಂದೆ ಹೋಗಬೇಡಿ, 18ರಲ್ಲಿ ಅದಕ್ಕೆ ವಾರ್ನಿಂಗ್ ಶುರುವಾಗಿದೆ, ಮುಂದೆ ತೆಗೆದೇ ಹಾಕ್ತಾರೆ.

ನ್ಯಾಮತಿ: ಸಾರ್ ಟೈಪ್ 10 ಎರರ್ ಬರ್ತಿದೆ, ಏನು ಮಾಡಬೇಕು?

ಡಿಬಿಎ: ಮೇಲೆ ಓದಿ.

ಪಿ.ಜೆ. ಬಡಾವಣೆ: ಸಾರ್, ನನ್ನ ಸೈಕೋಪಿಜಿ ಪ್ರಶ್ನೆ?

ಚನ್ನಗಿರಿ: ಹಿರಿಯೂರಿನವರೇ, ಹೇಳಿ ನೋಡೋಣ, ಯಾವ ಗಿರಾಕಿ ಬಂದ?

ಅಡ್ಮಿನ್: ಇಬ್ಬರೂ ಸಾಕು ಮಾಡ್ರಿ. ಇನ್ನೊಂದು ಸಾಲು ಬಂದ್ರೆ ಇಬ್ಬರನ್ನೂ ತೆಗೀತೀನಿ.

ಚಳ್ಳಕೆರೆ: ಸಾರ್, ಎಂಟ್ರಿ ನಿಲ್ಲಿಸಿದ್ವಿ, ಕಾಪಿ ತೆಗೆದ್ವಿ. ನೀವಂದಂಗೆ ನಂಬರಲ್ಲಿ ಅಡ್ಡಗೆರೆ ಐತೆ, ಜೋಡಿಗಳೂ ಬಂದಾವೆ. ಒಂದೊಂದರಲ್ಲಿ ತೂಕ ಬೇರೆ ಬೇರೆ. ಹೊಸದನ್ನೆಲ್ಲ ಡಿಲೀಟ್ ಮಾಡಲಾ?

ಡಿಬಿಎ: ಬೇಡ, ಒಟ್ಟಿಗೆ ಯಾವುದನ್ನೂ ಡಿಲೀಟ್ ಮಾಡಬೇಡಿ. ತೂಕ ಬೇರೆ ಇದ್ದರೆ ಅವು ಎರಡು ನಿಜವಾದ ಲಾಟ್ ಇರಬಹುದು, ಎರಡನೇದಕ್ಕೆ ಹೊಸ ನಂಬರ್ ಕೊಡಬೇಕಾಗುತ್ತೆ. ವೇಬ್ರಿಡ್ಜ್ ಚೀಟಿ ಮುಂದಿಟ್ಟುಕೊಂಡು ಗುಮಾಸ್ತರ ಜೊತೆ ಒಂದೊಂದೇ ನೋಡಿ. ಪಾವತಿ ಟೇಬಲ್ ಲಾಟ್ ನಂಬರನ್ನೇ ಹಿಡಿದಿದ್ದರೆ ಯಾವ ದುಡ್ಡು ಯಾವುದಕ್ಕೆ ಅಂತ ಮೊದಲು ಕಾಗದದ ಮೇಲೆ ಬರೆದಿಡಿ. ತಿದ್ದುವಾಗ, ಅಳಿಸುವಾಗ ಲಾಟ್ ನಂಬರಿನಿಂದ ಹಿಡಿಯಬೇಡಿ, ಐಡಿ ಕಾಲಂನಿಂದ ಹಿಡಿಯಿರಿ. ಬರೀ ಅಂಕಿಯ ಇಂಡೆಕ್ಸಿಗೆ ಈ ಕೊಲೇಶನ್ ತೊಂದರೆ ಇರಲ್ಲ. ರೀಇಂಡೆಕ್ಸ್ ಎಲ್ಲಿ ನಿಂತರೂ ಆ ಸಾಲು ಇಲ್ಲಿ ಹಾಕಿ, ರಾತ್ರಿ ಎಷ್ಟು ಹೊತ್ತಾದರೂ ನೋಡ್ತೀನಿ.