ಕೈಗೆ 21,000 ಬರುವಾಗ ಮಂಗಳೂರಲ್ಲಿ ಯಾವ ಮನೆ ಹಿಡಿಯಬಹುದು?

ಹೊಸಬ_ಸಕಲೇಶಪುರ

ನಮಸ್ಕಾರ. ಜೂನ್ 1ಕ್ಕೆ ಬಿಜೈಯಲ್ಲಿ ಕೆಲಸಕ್ಕೆ ಸೇರಬೇಕು. ಪಿಎಫ್ ಕಳೆದು ಕೈಗೆ ಬರುವುದು 21,000. ಹೆಂಡತಿ ಮತ್ತು ಮೂರು ವರ್ಷದ ಮಗು ಜೊತೆಗಿರುತ್ತಾರೆ. ಸ್ಕೂಟರ್ ಇದೆ. ಅಡ್ವಾನ್ಸ್, ಮನೆ ಸಾಗಿಸುವುದು ಎಲ್ಲಕ್ಕೂ ಸೇರಿ ಎತ್ತಿಟ್ಟಿರುವುದು 45,000.

ಎರಡು ಮನೆ ಗೊತ್ತಾಗಿವೆ.

ಒಂದು ಕುಲಶೇಖರದ ಕಡೆ, ಕೆಲಸದ ಜಾಗಕ್ಕೆ 5 ಕಿ.ಮೀ. ಮಾಲೀಕರ ಮನೆಯ ಹಿಂದಿರುವ ಹೆಂಚಿನ ಮನೆ. ಬಾಡಿಗೆ 7,500, ಅಡ್ವಾನ್ಸ್ 40,000. ಕರೆಂಟಿಗೆ ಸಬ್ ಮೀಟರ್, ಯೂನಿಟ್ಟಿಗೆ 9 ರೂಪಾಯಿಯಂತೆ ಮಾಲೀಕರಿಗೇ ಕೊಡಬೇಕು.

ಇನ್ನೊಂದು ತೊಕ್ಕೊಟ್ಟು ದಾಟಿ, 12 ಕಿ.ಮೀ. ಆರ್‌ಸಿಸಿ ಮನೆಯ ಮೊದಲ ಮಹಡಿ. 6,000, ಅಡ್ವಾನ್ಸ್ 30,000. ಬೇರೆಯೇ ಮೆಸ್ಕಾಂ ಮೀಟರ್ ಇದೆ.

ಹತ್ತಿರದ್ದೇ ಒಳ್ಳೆಯದು ಅನ್ನಿಸುತ್ತಿದೆ. ಸರಿಯೇ?

ಲೆಕ್ಕಪುಸ್ತಕ

ಬಾಡಿಗೆಗೆ ಬಾಡಿಗೆ ಹೋಲಿಸಬೇಡಿ. ಬಾಡಿಗೆ, ಕರೆಂಟು, ಪೆಟ್ರೋಲು ಮೂರನ್ನೂ ಕೂಡಿಸಿ ನೋಡಿ.

ತಿಂಗಳಿಗೆ 26 ದಿನ ಕೆಲಸ, ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಡ್ತದೆ ಅಂತ ಇಟ್ಟುಕೊಳ್ಳಿ. ಕುಲಶೇಖರದಿಂದ ಹೋಗಿ ಬಂದರೆ ತಿಂಗಳಿಗೆ 260 ಕಿ.ಮೀ., ಹತ್ತಿರಹತ್ತಿರ 6 ಲೀಟರ್. ತೊಕ್ಕೊಟ್ಟಿನಾಚೆಯಿಂದ 624 ಕಿ.ಮೀ., 14 ಲೀಟರ್. ಲೀಟರಿಗೆ 100ರ ಮೇಲಿರುವುದರಿಂದ ಒಂದಕ್ಕೆ ಸುಮಾರು 620, ಇನ್ನೊಂದಕ್ಕೆ 1,450. ಬಾಡಿಗೆಯಲ್ಲಿ ಉಳಿಯುವ 1,500ರಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿಗೇ ಹೋಯ್ತು. ಇಷ್ಟೇ ಆಗಿದ್ದರೆ ಹತ್ತಿರದ ಮನೆ ಹಿಡಿಯಿರಿ ಅಂತಲೇ ಹೇಳ್ತಿದ್ದೆ.

ಲೆಕ್ಕ ತಿರುಗುವುದು ಸಬ್ ಮೀಟರಿನಲ್ಲಿ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಸಿಗುವುದು ಮೆಸ್ಕಾಂ ಆರ್‌ಆರ್ ನಂಬರಿಗೆ, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕದ ನಂಬರಿಗೆ. ಸಬ್ ಮೀಟರಿಗೆ ಆರ್‌ಆರ್ ನಂಬರ್ ಇಲ್ಲ, ಹಾಗಾಗಿ ಯೋಜನೆಯೂ ಇಲ್ಲ. ಫ್ರಿಜ್ಜು, ಎರಡು ಫ್ಯಾನು, ಮಿಕ್ಸಿ ಇರುವ ಮನೆಗೆ 80 ಯೂನಿಟ್ ಸುಲಭವಾಗಿ ಆಗ್ತದೆ. 9ರಂತೆ 720 ರೂಪಾಯಿ ಪ್ರತಿ ತಿಂಗಳು.

ತೊಕ್ಕೊಟ್ಟಿನ ಮನೆಯಲ್ಲಿ ನಿಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬಹುದು, ಬಾಡಿಗೆಯವರಿಗೂ ಅವಕಾಶ ಉಂಟು. ಆದರೆ 200 ಯೂನಿಟ್ ಪೂರ್ತಿ ಉಚಿತ ಅಂತ ತಿಳಿಯಬೇಡಿ. ಆ ಮೀಟರಿನ 2022-23ರ ಸರಾಸರಿ ಬಳಕೆಗೆ ಶೇ. 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದಷ್ಟು ಮಾತ್ರ. ಆಗಿನ ಬಳಕೆಯ ಲೆಕ್ಕ ಇಲ್ಲದ ಹೊಸ ಮೀಟರಾದರೆ 53 ಯೂನಿಟ್ಟಿಗೆ ಶೇ. 10 ಸೇರಿ 58. ಅದರ ಮೇಲೆ ಬಳಸಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, ಒಟ್ಟು ಬಳಕೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮಾಲಕರ ಹತ್ತಿರ ಒಂದು ಹಳೇ ಬಿಲ್ ಕೇಳಿ ನೋಡಿ, ಎಷ್ಟು ಯೂನಿಟ್ ಅರ್ಹತೆ ಅಂತ ಅದರಲ್ಲೇ ಇರ್ತದೆ. ಮೊದಲಿದ್ದ ಬಾಡಿಗೆಯವರ ಆಧಾರ್ ಇನ್ನೂ ಅದೇ ನಂಬರಿಗೆ ಜೋಡಿಸಿಕೊಂಡಿದ್ದರೆ ಅವರು ಅದನ್ನು ಬಿಡಿಸಬೇಕು. ನಿಮ್ಮ ಆಧಾರ್ ಸಕಲೇಶಪುರದ ಮನೆಗೆ ಜೋಡಿಸಿದ್ದರೆ ಅದನ್ನೂ ಬಿಡಿಸಿಕೊಂಡೇ ಬನ್ನಿ, ಒಬ್ಬರಿಗೆ ಒಂದೇ ಸಂಪರ್ಕ.

ಕೂಡಿಸಿದರೆ ಕುಲಶೇಖರ ಸುಮಾರು 8,850. ತೊಕ್ಕೊಟ್ಟು, ಉಚಿತದ ಮೇಲಿನ ಯೂನಿಟ್‌ಗಳಿಗೆ 200 ರೂಪಾಯಿ ಇಟ್ಟುಕೊಂಡರೂ, 7,650.

ಮುರಕಲ್ಲು

ಲೆಕ್ಕ ಸರಿ. ಆದರೆ ನೀವು ಬರುವುದು ಜೂನ್ ತಿಂಗಳಲ್ಲಿ. ಮೇ ತಿಂಗಳಲ್ಲಿ ನೋಡಿದ ಮನೆಯೇ ಬೇರೆ, ಜುಲೈಯಲ್ಲಿ ನೀವಿರುವ ಮನೆಯೇ ಬೇರೆ.

ಹೆಂಚಿನ ಮನೆಗೆ ಹೋದಾಗ ಹಗಲಲ್ಲಿ ಬಾಗಿಲು ಕಿಟಕಿ ಎಲ್ಲ ಮುಚ್ಚಿ ತಲೆಯೆತ್ತಿ ನೋಡಿ. ಹೆಂಚಿನ ಸಂದಿಯಲ್ಲಿ ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಮಳೆಯೂ ಬರ್ತದೆ. ಮಾಡಿನ (ಛಾವಣಿಯ) ಮರದ ರೀಪು, ಪಕ್ಕಾಸಿನಲ್ಲಿ ಕಪ್ಪು ಕಲೆ ಇದ್ದರೆ ಹಳೆಯ ಸೋರಿಕೆ. ಮಣ್ಣಿನ ಗೆರೆ ಇದ್ದರೆ ಗೆದ್ದಲು. ಒಡೆದ ಹೆಂಚು ಬದಲಿಸುವುದು ದೊಡ್ಡ ಕೆಲಸ ಅಲ್ಲ, ಆದರೆ ಮಳೆ ಹಿಡಿದ ಮೇಲೆ ಮಾಡು ಹತ್ತುವವರು ಸಿಗುವುದಿಲ್ಲ. ಅದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾಡಿಸಿಕೊಳ್ಳಬೇಕು.

ಗೋಡೆಯನ್ನು ಕಣ್ಣಲ್ಲಿ ಮಾತ್ರ ನೋಡಬೇಡಿ. ಕಪಾಟಿನ ಹಿಂದೆ, ನೆಲದಿಂದ ಒಂದಡಿ ಮೇಲೆ, ಹೆಬ್ಬೆರಳಿನಿಂದ ಒತ್ತಿ. ಪೈಂಟು ಉಬ್ಬಿ ಹಿಟ್ಟಿನ ಹಾಗೆ ಉದುರಿದರೆ ಆ ಮುರಕಲ್ಲಿನ ಗೋಡೆ ನೆಲದ ನೀರನ್ನು ಎಳೀತಾ ಉಂಟು. ಕೆಳಗಿನ ಎರಡಡಿಗೆ ಮಾತ್ರ ಹೊಸ ಪೈಂಟು ಹೊಡೆದಿದ್ದರೂ ಸಂಶಯಪಡಿ. ಅಂಥ ಕೋಣೆಯಲ್ಲಿ ಹಾಸಿಗೆ, ಬಟ್ಟೆಗೆಲ್ಲ ಬೂಸ್ಟು ಹಿಡೀತದೆ, ಚಿಕ್ಕ ಮಗುವನ್ನು ಮಲಗಿಸುವ ಜಾಗ ಅದಲ್ಲ.

ಮಹಡಿ ಮನೆಯಾದರೆ ಪಡುವಣ ದಿಕ್ಕಿನ ಗೋಡೆ ನೋಡಿ. ನಮ್ಮಲ್ಲಿ ಗಾಳಿಮಳೆ ಹೊಡೆಯುವುದು ಆ ಕಡೆಯಿಂದ. ಕಿಟಕಿ ಮೇಲೆ ಸಜ್ಜಾ ಅಥವಾ ಶೀಟ್ ಇಲ್ಲದಿದ್ದರೆ ನೀರು ಒಳಗೇ. ಬಟ್ಟೆ ಒಣಗಿಸಲು ಶೀಟಿನ ಮಾಡು ಇರುವ ಜಾಗ ಉಂಟಾ ಅಂತಲೂ ನೋಡಿ. ನಾಲ್ಕು ತಿಂಗಳು ಬಿಸಿಲು ನೆಚ್ಚಿಕೊಳ್ಳುವ ಹಾಗಿಲ್ಲ.

ಬೇರೆ ಕಡೆ ಹುಡುಕುವುದಾದರೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತ ತಗ್ಗಿನಲ್ಲಿರುವ ನೆಲಮಹಡಿ ಬೇಡ. ಜೋರು ಮಳೆಗೆ ರಾಜಕಾಲುವೆ ಉಕ್ಕುವ ಜಾಗಗಳು.

ಹೊಸಬ_ಸಕಲೇಶಪುರ

ತುಂಬಾ ಉಪಕಾರವಾಯಿತು. ನೀರಿನ ಬಗ್ಗೆ ಏನು ಕೇಳಬೇಕು? ಎರಡೂ ಕಡೆ ಬಾವಿ ಇದೆ ಎಂದಿದ್ದಾರೆ. ಹೆಂಡತಿಗೂ ಕೆಲಸ ಹುಡುಕುತ್ತಿದ್ದೇವೆ. ಬಸ್ ಉಚಿತವಾದ್ದರಿಂದ ದೂರವಾದರೂ ಪರವಾಗಿಲ್ಲವೇ?

ಕಂಕನಾಡಿ_ಕ್ರಾಸ್

ಮೊದಲು ಬಸ್. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ. ಮಂಗಳೂರು ಸಿಟಿಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್, ಅದರಲ್ಲಿ ನಿಮ್ಮ ಹೆಂಡತಿಯೂ ಟಿಕೆಟ್ ತೆಗೀಬೇಕು. ಹಾಸನದ ಕಡೆಯಿಂದ ಬರುವವರು ಇದನ್ನು ಗಮನಿಸುವುದಿಲ್ಲ. ಸಿಟಿ ಬಸ್ಸು ರಾತ್ರಿ 9ರ ಮೇಲೆ ತೀರಾ ಕಡಿಮೆ, ಅಂಗಡಿ ಕೆಲಸವಾದರೆ ಬಿಡುವ ಹೊತ್ತು ಕೇಳಿಕೊಳ್ಳಿ. ಸರ್ಕಾರಿ ಬಸ್ಸೇ ಬೇಕಾದರೆ ಬಿ.ಸಿ. ರೋಡ್ ದಾರಿ ನೋಡಿ, ಪುತ್ತೂರು, ಧರ್ಮಸ್ಥಳದ ಬಸ್ಸುಗಳೆಲ್ಲ ಅಲ್ಲಿಂದಲೇ ಬರ್ತವೆ. ಆದರೆ ಅದು 25 ಕಿ.ಮೀ., ನಿಮಗೆ ಸ್ಕೂಟರಿನಲ್ಲಿ ದಿನಾ ಆಗುವ ದೂರ ಅಲ್ಲ.

ದೇರಳಕಟ್ಟೆ ತೊಕ್ಕೊಟ್ಟಿಗೆ ಹತ್ತಿರ ಅಂತ ಅಲ್ಲಿಯೂ ಯಾರಾದರೂ ತೋರಿಸಬಹುದು. ಅಲ್ಲಿ ಮೆಡಿಕಲ್ ಕಾಲೇಜುಗಳ ವಿದ್ಯಾರ್ಥಿಗಳು ಮೂರು ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಳ್ತಾರೆ. ಒಂದೇ ಸಂಬಳದ ಸಂಸಾರಕ್ಕೆ ಆ ದರ ಹೊಂದುವುದಿಲ್ಲ.

ನೀರು: ಬಾವಿ ಉಂಟಾ ಅಂತ ಕೇಳಿದರೆ ಉಂಟು ಅಂತಲೇ ಹೇಳ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ನೀರು ಇರ್ತದೆ ಅಂತ ಪಕ್ಕದ ಬಾಡಿಗೆಯವರನ್ನು ಕೇಳಿ. ತುಂಬೆ ಅಣೆಕಟ್ಟಿನಲ್ಲಿ ಮಟ್ಟ ಇಳಿದರೆ ನಗರದ ನಳ್ಳಿ ನೀರಿಗೂ ಪಾಳಿ ಬರ್ತದೆ, ಆಗ ಬಾವಿಯೇ ಗತಿ. ಟ್ಯಾಂಕರ್ ತರಿಸಿದರೆ ಯಾರು ಕೊಡಬೇಕು ಅಂತಲೂ ಕೇಳಿ. ತೊಕ್ಕೊಟ್ಟು ಇರುವ ಉಳ್ಳಾಲದ ಕಡೆ ಸಮುದ್ರ, ಹೊಳೆ ಹತ್ತಿರವಾದ್ದರಿಂದ ಬೇಸಗೆಯಲ್ಲಿ ಕೆಲವು ಬಾವಿಗೆ ಉಪ್ಪು ಬರ್ತದೆ. ಕೈಗೆ ಸೋಪು ಹಚ್ಚಿ ನೋಡಿ, ನೊರೆ ಬಾರದಿದ್ದರೆ ಗೊತ್ತಾಗ್ತದೆ. ಬಚ್ಚಲಲ್ಲಿ ಕಿತ್ತಳೆ ಬಣ್ಣದ ಕಲೆ ಇದ್ದರೆ ಬೋರ್‌ವೆಲ್ಲಿನ ಕಬ್ಬಿಣದ ಅಂಶ.

ಲೆಕ್ಕಪುಸ್ತಕ

ಒಂದು ಮುಖ್ಯ ವಿಷಯ ಬಿಟ್ಟುಹೋಗಿತ್ತು. ಜೂನ್ 1ಕ್ಕೆ ಸೇರಿದರೆ ಮೊದಲ ಸಂಬಳ ಜುಲೈ ಮೊದಲ ವಾರ. ಬಾಡಿಗೆ ತಿಂಗಳ ಮೊದಲೇ ಕೊಡಬೇಕು. 45,000ದಲ್ಲಿ 40,000 ಅಡ್ವಾನ್ಸ್, 7,500 ಬಾಡಿಗೆ ಅಂದರೆ ಕುಲಶೇಖರದಲ್ಲಿ ಕೀಲಿ ಕೈ ತೆಗೆದುಕೊಳ್ಳುವಾಗಲೇ 2,500 ಕೊರತೆ. ತೊಕ್ಕೊಟ್ಟಿನಲ್ಲಾದರೆ 9,000 ಉಳೀತದೆ, ಅದರಲ್ಲೇ ಟೆಂಪೋ ಬಾಡಿಗೆ ಮತ್ತು ಒಂದು ತಿಂಗಳ ಊಟ. ಅದೂ ಬಿಗಿ.

ಹಾಗಾಗಿ ಎರಡೂ ಕಡೆ ಬಾಡಿಗೆ ಕಮ್ಮಿ ಮಾಡಿ ಅನ್ನುವ ಬದಲು ಅಡ್ವಾನ್ಸನ್ನು ಎರಡು ಕಂತಿನಲ್ಲಿ ತೆಗೆದುಕೊಳ್ಳಿ ಅಂತ ಕೇಳಿ. ಈಗ 20,000, ಉಳಿದದ್ದು ಸೆಪ್ಟೆಂಬರ್ ಒಳಗೆ. ಸಂಸಾರ ಸಮೇತ ಬರುವವರಿಗೆ ಒಪ್ಪುವ ಮಾಲಕರು ಇದ್ದಾರೆ. ರೇಷನ್ ಕಾರ್ಡ್ ಹಾಸನ ಜಿಲ್ಲೆಯದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು, ಆ ಮೊದಲ ತಿಂಗಳಿಗೆ ಅದೂ ಆಧಾರ.

ಕರಾರುಪತ್ರ 11 ತಿಂಗಳಿಗೆ ಬರೀತಾರೆ, ಒಂದು ವರ್ಷ ಮೀರಿದ್ದನ್ನು ನೋಂದಣಿ ಮಾಡಿಸಬೇಕಾಗ್ತದೆ ಅಂತ. ಅದರಲ್ಲಿ ನಾಲ್ಕು ಮಾತು ಅಂಕಿಯಲ್ಲೇ ಇರಲಿ: 11 ತಿಂಗಳ ನಂತರ ಎಷ್ಟು ಏರಿಕೆ, ಬಿಡುವಾಗ ಎಷ್ಟು ದಿನದ ನೋಟಿಸ್, ಪೈಂಟಿಂಗಿಗೆ ಅಡ್ವಾನ್ಸಿನಿಂದ ಎಷ್ಟು ಹಿಡಿಯುವುದು, ಉಳಿದದ್ದನ್ನು ಎಷ್ಟು ದಿನದೊಳಗೆ ಕೊಡುವುದು. "ಪೈಂಟಿಂಗ್ ಖರ್ಚು ಹಿಡಿಯಲಾಗುವುದು" ಅಂತ ಮೊತ್ತ ಇಲ್ಲದೆ ಬರೆದಿದ್ದರೆ ಸಹಿ ಹಾಕಬೇಡಿ, ಜಗಳ ಬರುವುದು ಅಲ್ಲಿಯೇ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹಾಕಿ.

ಮುರಕಲ್ಲು

ಸಾಮಾನು ಇಳಿಸುವ ಮೊದಲು ಮೀಟರ್ ರೀಡಿಂಗು, ಗೋಡೆಯ ಕಲೆ, ನಳ್ಳಿ, ಸ್ವಿಚ್ಚು, ಎಲ್ಲದರ ಫೋಟೋ ತೆಗೆದು ಅವತ್ತೇ ಮಾಲಕರಿಗೆ ವಾಟ್ಸಾಪ್ ಮಾಡಿ. ತಾರೀಕು ಅದರಲ್ಲೇ ಇರ್ತದೆ.