ಕನ್ನಡ ಪದ ಬೇಕು: ‘ಶೆಡ್ಯೂಲರ್’, ‘ರೆಸ್ಪಾನ್ಸಿವ್‌ನೆಸ್’ (ನಾಳೆ ಬೆಳಿಗ್ಗೆಯೊಳಗೆ)

ಇವರಿಂದ: ಓದುಕೋಣೆ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಕೋಣೆಯ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್‌ನ ಹೊಸ ಕರ್ನಲ್ (ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶ) ಹಾಕಿದ್ದೇವೆ. ಅದರೊಂದಿಗೆ, ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಎಂದು ನೋಡಿಕೊಳ್ಳುವ ಶೆಡ್ಯೂಲರ್ ಕೂಡ ಬದಲಾಗಿದೆ. ಮೊದಲು, ಹಿಂದೆ ಒಂದು ವಿಡಿಯೊ ಪರಿವರ್ತನೆ ಓಡುತ್ತಿರುವಾಗ ಅದೇ ಯಂತ್ರದಲ್ಲಿ ಅರ್ಜಿ ಟೈಪ್ ಮಾಡಲು ಕೂತರೆ, ‘ಕ್ಷೇತ್ರ’ ಎಂದು ಒತ್ತಿ ಮುಗಿಸಿದರೂ ಪರದೆಯ ಮೇಲೆ ಬರೀ ‘ಕ್’ ನಿಂತಿರುತ್ತಿತ್ತು. ಆಮೇಲೆ ಉಳಿದದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತಿತ್ತು. ಕೀ ಹಿಡಿದಿಲ್ಲವೆಂದು ಜನ ಮತ್ತೆ ಒತ್ತುವುದು, ಅಕ್ಷರ ಎರಡೆರಡು ಸಲ ಮೂಡುವುದು, ಅಳಿಸುತ್ತ ಕೂರುವುದು. ಈಗ ಆ ಕಾಟ ಬಹುಮಟ್ಟಿಗೆ ತಪ್ಪಿದೆ. ಒತ್ತಿದ ಕೀಗೆ ಯಂತ್ರ ಹೀಗೆ ಬೇಗ ಉತ್ತರಿಸುವುದೇ ‘ರೆಸ್ಪಾನ್ಸಿವ್‌ನೆಸ್’.

ಬಾಗಿಲ ಪಕ್ಕಕ್ಕೆ ಒಂದು ಬೋರ್ಡು, ಜೊತೆಗೆ ಒಂದು ಪುಟದ ವಿವರಣೆ ಬೇಕು. ಬೋರ್ಡು ಬರೆಯುವವರು ಗೋಣಿಕೊಪ್ಪಲಿನಿಂದ ನಾಳೆ ಬೆಳಿಗ್ಗೆ ಬರುತ್ತಾರೆ. ‘ವೇಳಾಪಟ್ಟಿಕಾರ’ ನನಗೆ ಒಪ್ಪಿಗೆಯಿಲ್ಲ. ವೇಳಾಪಟ್ಟಿ ಮೊದಲೇ ಬರೆದಿಟ್ಟದ್ದು. ಇದು ಏನನ್ನೂ ಬರೆದಿಡುವುದಿಲ್ಲ. ಮಿಲಿಸೆಕೆಂಡುಗಳ ಲೆಕ್ಕದಲ್ಲಿ, ಈಗ ಪ್ರೊಸೆಸರ್ ಯಾರಿಗೆ ಎಂದು ಆಗಿಂದಾಗ ತೀರ್ಮಾನಿಸುತ್ತದೆ. ಇಲ್ಲಿ ಮಳೆ ಜೋರಾಗಿದೆ. ಕರೆಂಟ್ ಹೋಗುವ ಮುಂಚೆ ಯಾರಾದರೂ ಉತ್ತರ ಕೊಟ್ಟರೆ ಉಪಕಾರ.

ಇವರಿಂದ: ನಿವೃತ್ತ ಅಧ್ಯಾಪಕ, ಮಡಿಕೇರಿ

ಅನುಸೂಚಕ. ಸ್ಪಂದನಶೀಲತೆ. ಅನುಸೂಚಿ ಎಂಬುದು ಕಾನೂನಿನ ಕನ್ನಡದಲ್ಲಿ ನೆಲೆಗೊಂಡ ಪದ. ಅದರ ಮೇಲೆ ಕರ್ತೃಪ್ರತ್ಯಯ ಬಂದಿದೆ, ಅಷ್ಟೇ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಇವರಿಂದ: ಸೋಮವಾರಪೇಟೆ

ಇದೆ, ಮೇಷ್ಟ್ರೇ. ಕಾಯ್ದೆಯ ಅನುಸೂಚಿ ಎಂದರೆ ಕೊನೆಯಲ್ಲಿ ಲಗತ್ತಿಸಿದ ಪಟ್ಟಿ. ಓದುಕೋಣೆಯವರು ಬೇಡವೆಂದದ್ದೇ ಪಟ್ಟಿಯನ್ನು. ನೀವು ಅದನ್ನೇ ಸಂಸ್ಕೃತದಲ್ಲಿ ಕೊಟ್ಟಿರಿ.

‘ಸ್ಪಂದನ’ ಎಂದರೆ ಮಿಡಿತ, ಅದುರುವಿಕೆ. ಪತ್ರಿಕೆಗಳು ಅದನ್ನು ‘ಉತ್ತರಿಸು’ ಎಂಬ ಅರ್ಥಕ್ಕೆ ಎಳೆದಿವೆ, ಎಳೆಯಲಿ. ಆದರೆ ನಮ್ಮಲ್ಲೇ ‘ಓಗೊಡು’ ಇದೆಯಲ್ಲ. ಯಾರೋ ಕರೆದರು, ‘ಓ’ ಎಂದೆವು. ಓ ಕೊಡು, ಓಗೊಡು. ಆದೇಶಸಂಧಿ, ಕಕಾರಕ್ಕೆ ಗಕಾರ. ಕೀ ಒತ್ತುವುದು ಕರೆಯುವುದು; ಅಕ್ಷರ ಮೂಡುವುದು ಓ ಎನ್ನುವುದು. ರೆಸ್ಪಾನ್ಸಿವ್‌ನೆಸ್‌ಗೆ ಇದಕ್ಕಿಂತ ಹತ್ತಿರದ ಮಾತು ಯಾವ ಭಾಷೆಯಲ್ಲೂ ಸಿಗಲಾರದು. ‘ಓಗೊಡುವಿಕೆ’ ಎಂದು ಬರೆಯಿರಿ. ಶೆಡ್ಯೂಲರಿಗೆ ‘ಸರದಿ’ಯಿಂದ ಕಟ್ಟಿರಿ.

ಇವರಿಂದ: ಕುಶಾಲನಗರ

ಪದ ಕಟ್ಟುವ ಮೊದಲು ವಸ್ತು ನೋಡಿ. ಸರದಿ ಎಂದರೆ ಒಬ್ಬರಾದ ಮೇಲೆ ಒಬ್ಬರು, ಬಂದ ಕ್ರಮದಲ್ಲಿ. ಶೆಡ್ಯೂಲರ್ ಅಷ್ಟು ಸರಳವಾಗಿಲ್ಲ.

ಇಂಗೊ ಮೊಲ್ನಾರ್ ಬರೆದ ಶೆಡ್ಯೂಲರ್ ಸಿಎಫ್‌ಎಸ್ 2007ರ ಅಕ್ಟೋಬರಿನಲ್ಲಿ 2.6.23 ಕರ್ನಲ್‌ನೊಂದಿಗೆ ಬಂತು. ಯಾರು ಈವರೆಗೆ ಕಡಿಮೆ ಕಾಲ ಓಡಿದ್ದಾರೋ ಅವರನ್ನು ಮೊದಲು ಓಡಿಸುವುದು ಅದರ ನೀತಿ. ಅದಕ್ಕೂ ಮುಂಚೆ ಡೆಸ್ಕ್‌ಟಾಪ್ ಬಳಸುವವರ ಪರವಾಗಿ ವರ್ಷಗಟ್ಟಲೆ ಬಡಿದಾಡಿದವರು ಕಾನ್ ಕೊಲಿವಾಸ್. ಆಸ್ಟ್ರೇಲಿಯಾದಲ್ಲಿ ಅರಿವಳಿಕೆ ವೈದ್ಯರು, ಕರ್ನಲ್ ಕೆಲಸ ಬಿಡುವಿನ ವೇಳೆಯದು. ಅವರು ಬರೆದ ಶೆಡ್ಯೂಲರನ್ನು ಬಿಟ್ಟು ಸಿಎಫ್‌ಎಸ್ ಒಳಗೆ ಹೋದಾಗ ಅವರು ಕರ್ನಲ್ ಕೆಲಸವನ್ನೇ ಬಿಟ್ಟರು. 2009ರಲ್ಲಿ ತಮ್ಮದೇ ಹೊಸ ಶೆಡ್ಯೂಲರ್ ಬಿಎಫ್‌ಎಸ್ ಹಿಡಿದು ಮರಳಿ ಬಂದರು. ದೊಡ್ಡ ಸರ್ವರಿಗೆ ಬೇಕಾದ್ದು ಒಟ್ಟು ಕೆಲಸ ಹೆಚ್ಚಾಗುವುದು. ಮೇಜಿನ ಮುಂದೆ ಕೂತವನಿಗೆ ಬೇಕಾದ್ದು ತಡವಾಗದಿರುವುದು. ಎರಡೂ ಒಂದೇ ಅಲ್ಲ ಎಂದು ಅವರು ಹೇಳುತ್ತ ಬಂದದ್ದು ನಿಜ.

2023ರ ಅಕ್ಟೋಬರಿನಲ್ಲಿ ಬಂದ 6.6 ಕರ್ನಲ್‌ನಿಂದ ಸಿಎಫ್‌ಎಸ್ ಜಾಗಕ್ಕೆ ಇಇವಿಡಿಎಫ್ ಎಂಬ ಶೆಡ್ಯೂಲರ್ ಬಂದಿದೆ, ಪೀಟರ್ ಜಿಲ್‌ಸ್ಟ್ರಾ ಅವರ ಕೆಲಸ. ಅದರ ಮೂಲ ಕಲ್ಪನೆ 1995ರದು. ಪ್ರತಿ ಕೆಲಸಕ್ಕೂ ನ್ಯಾಯವಾಗಿ ಸಲ್ಲಬೇಕಾದ ಕಾಲವೆಷ್ಟು, ಸಂದದ್ದೆಷ್ಟು ಎಂಬ ವ್ಯತ್ಯಾಸವನ್ನು ‘ಲ್ಯಾಗ್’ ಎನ್ನುತ್ತಾರೆ. ಹೆಚ್ಚು ತಿಂದವರು ಸದ್ಯಕ್ಕೆ ಹೊರಗೆ. ಉಳಿದವರಲ್ಲಿ ಯಾರ ಗಡುವು ಮೊದಲೋ ಅವರಿಗೆ ಪ್ರೊಸೆಸರ್. ಕಾಲದ ಸಣ್ಣ ಹೋಳು ಸಾಕೆಂದವರಿಗೆ ಗಡುವು ಬೇಗ ಬೀಳುತ್ತದೆ. ನಿಮ್ಮ ‘ಕ್ಷೇತ್ರ’ ಬೇಗ ಮೂಡಲು ಇಂಥ ಲೆಕ್ಕವೇ ಕಾರಣವಿರಬೇಕು. ಡೆಡ್‌ಲೈನಿಗೆ ‘ಗಡುವು’, ಲ್ಯಾಗ್‌ಗೆ ‘ಬಾಕಿ’. ಇವೆರಡು ನನ್ನ ಪಾಲಿಗೆ ತೀರ್ಮಾನವಾಗಿವೆ. ಶೆಡ್ಯೂಲರನ್ನು ಶೆಡ್ಯೂಲರ್ ಎಂದೇ ಬಿಡಿ.

ಇನ್ನೊಂದು. ಮೆಮೊರಿ ಸಾಲದೆ ಯಂತ್ರ ಸ್ವಾಪ್‌ಗೆ (ಡಿಸ್ಕನ್ನೇ ಮೆಮೊರಿಯಂತೆ ಬಳಸುವುದಕ್ಕೆ) ಇಳಿದಿದ್ದರೆ ಯಾವ ಶೆಡ್ಯೂಲರ್ ಹಾಕಿದರೂ ಅಷ್ಟೇ. ಬೋರ್ಡಿನಲ್ಲಿ ಹೆಚ್ಚು ಭರವಸೆ ಕೊಡಬೇಡಿ.

ಇವರಿಂದ: ತೋಟದವರು, ವಿರಾಜಪೇಟೆ

ನೀವು ವರ್ಣಿಸಿದ ಮನುಷ್ಯ ನಮ್ಮ ತೋಟದಲ್ಲಿದ್ದಾನೆ, ಅವನಿಗೆ ಹೆಸರೂ ಇದೆ. ಕುಯಿಲಿಗೆ ಯಾರು, ಮರಗಸಿಗೆ ಯಾರು, ಮೋಡ ಕವಿದರೆ ಕಣದಲ್ಲಿ ಹರಡಿದ ಕಾಫಿ ಮುಚ್ಚಲು ಯಾರನ್ನು ಅರ್ಧಕ್ಕೇ ಕರೆಸಬೇಕು, ಇಷ್ಟೂ ನಿಂತ ನಿಲುವಿನಲ್ಲಿ ಹೇಳುವವನು ಮೇಸ್ತ್ರಿ. ಬೋರ್ಡು ಓದುವವರಲ್ಲಿ ಅರ್ಧ ಜನ ತೋಟದವರೇ. ‘ಮೇಸ್ತ್ರಿ’ ಎಂದು ಬರೆಯಿರಿ, ವಿವರಣೆಯ ಪುಟವೇ ಬೇಡ.

ಇವರಿಂದ: ನಿವೃತ್ತ ಅಧ್ಯಾಪಕ, ಮಡಿಕೇರಿ

ಮೇಸ್ತ್ರಿ ಪೋರ್ಚುಗೀಸ್. ಅವರ ‘ಮೆಸ್ತ್ರೆ’, ಅದರ ಹಿಂದೆ ಲ್ಯಾಟಿನ್ನಿನ ‘ಮಗಿಸ್ತೆರ್’. ಅದೇ ಲ್ಯಾಟಿನ್ ಪದ ಇಂಗ್ಲಿಷಿನಲ್ಲಿ ‘ಮಾಸ್ಟರ್’ ಆಗಿ, ನಮ್ಮ ಬಾಯಲ್ಲಿ ‘ಮೇಷ್ಟ್ರು’ ಆಯಿತು. ಒಂದೇ ಬೇರಿನ ಎರಡು ಟಿಸಿಲು, ಬೇರೆ ಬೇರೆ ಹಡಗಿನಲ್ಲಿ ಬಂದವು. ಸಂಸ್ಕೃತ ಬೇಡವೆಂದು ಪೋರ್ಚುಗೀಸಿನ ಕಾಲು ಹಿಡಿಯುವುದು ಯಾವ ನ್ಯಾಯ? ಶಾಸ್ತ್ರಕ್ಕೆ ಶಾಸ್ತ್ರದ ಭಾಷೆಯೇ ಬೇಕು. ಅನುಸೂಚಕದಿಂದ ಅನುಸೂಚನೆ, ಅನುಸೂಚಿತ ಎಲ್ಲ ಹುಟ್ಟುತ್ತವೆ. ಮೇಸ್ತ್ರಿಯಿಂದ ಏನು ಹುಟ್ಟುತ್ತದೆ?

ಇವರಿಂದ: ತೋಟದವರು, ವಿರಾಜಪೇಟೆ

ಮೇಸ್ತ್ರಿಕೆ.

ಇವರಿಂದ: ಸೋಮವಾರಪೇಟೆ

ಮೇಜು, ಚಾವಿ, ಪಾದ್ರಿ ಕೂಡ ಪೋರ್ಚುಗೀಸೇ, ಮೇಷ್ಟ್ರೇ. ಮೇಜಿಗೆ ನೀವು ಯಾವ ಸಂಸ್ಕೃತ ಬಳಸುತ್ತೀರಿ? ಕುಶಾಲನಗರದವರು ತೀರ್ಮಾನವಾಯಿತೆಂದ ‘ಬಾಕಿ’ ಅರಬ್ಬಿಯದು. ಅದನ್ನು ಯಾರೂ ಕೇಳಲಿಲ್ಲ, ಏಕೆಂದರೆ ಅಂಗಡಿಯ ಲೆಕ್ಕದಲ್ಲಿ ನಾವೆಲ್ಲ ದಿನಾ ಹೇಳುವ ಮಾತು. ಎರವಲು ತಪ್ಪಲ್ಲ, ಬಾಯಿಗೆ ಬಾರದ ಎರವಲು ತಪ್ಪು. ‘ಅನುಸೂಚಕ’ ನಾಲಗೆಗೆ ಇಳಿದಿಲ್ಲ, ಇಳಿಯುವುದೂ ಇಲ್ಲ.

ಹಾಗೆಂದು ಮೇಸ್ತ್ರಿಯನ್ನೂ ಒಪ್ಪಲಾರೆ. ಮೇಸ್ತ್ರಿ ಕೆಲಸ ಸರಿಯಾಯಿತೇ ಎಂದು ನೋಡುತ್ತಾನೆ, ಗದರಿಸುತ್ತಾನೆ. ಶೆಡ್ಯೂಲರಿಗೆ ಕೆಲಸದ ಗುಣದ ಗೊಡವೆಯಿಲ್ಲ, ಕಾಲ ಹಂಚುವುದಷ್ಟೇ. ‘ಹಂಚು’ ಧಾತುವನ್ನು ಬಿಟ್ಟು ಹೋಗಬೇಡಿ.

ಇವರಿಂದ: ಕುಶಾಲನಗರ

ಇದನ್ನು ಒಪ್ಪುತ್ತೇನೆ. ಸರದಿ ಒಂದೇ ಆದರೆ ತಪ್ಪು, ‘ಸರದಿ ಹಂಚಿಕೆ’ ನಡೆಯುತ್ತದೆ.

ಇವರಿಂದ: ನಿವೃತ್ತ ಅಧ್ಯಾಪಕ, ಮಡಿಕೇರಿ

ನನ್ನ ಒಪ್ಪಿಗೆ ಇಲ್ಲ. ಓಗೊಡುವಿಕೆಗೆ ಮಾತ್ರ ತಕರಾರಿಲ್ಲ. ಪದ ಹಳೆಯದು, ಚೆನ್ನಾಗಿದೆ.

ಇವರಿಂದ: ಓದುಕೋಣೆ, ಪೊನ್ನಂಪೇಟೆ

ಎಲ್ಲರಿಗೂ ವಂದನೆ. ಬೋರ್ಡಿಗೆ ಕೊಟ್ಟದ್ದು ಇಷ್ಟು: “ಈ ಕಂಪ್ಯೂಟರುಗಳ ಸರದಿ ಹಂಚಿಕೆ ಬದಲಾಗಿದೆ. ಬೇರೆ ಕೆಲಸ ಓಡುತ್ತಿದ್ದರೂ ನೀವು ಒತ್ತಿದ ಕೀಗೆ ಬೇಗ ಓಗೊಡುತ್ತವೆ. ವಿಡಿಯೊ ಪರಿವರ್ತನೆ ತುಸು ನಿಧಾನವಾಗಬಹುದು.” ಓಗೊಡುವಿಕೆ ಎಂಬ ನಾಮಪದಕ್ಕಿಂತ ಕ್ರಿಯಾಪದವೇ ಬೋರ್ಡಿಗೆ ಚೆನ್ನಾಗಿ ಕೂತಿತು. ಪುಟದಲ್ಲಿ ಮೊದಲ ಸಲ ‘ಶೆಡ್ಯೂಲರ್’, ಆಮೇಲೆಲ್ಲ ‘ಸರದಿ ಹಂಚಿಕೆ’. ಗಡುವು, ಬಾಕಿ ಹಾಗೇ ಇವೆ. ಸ್ವಾಪ್ ಪರೀಕ್ಷಿಸಿದೆ, ಅಷ್ಟು ಇಳಿದಿಲ್ಲ.

ಪುಟ ಮುಗಿಸಲು ಇನ್ನೊಂದು ಪದ ಬೇಕು. ಓಡುತ್ತಿರುವ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಇನ್ನೊಂದಕ್ಕೆ ಪ್ರೊಸೆಸರ್ ಕೊಡುವುದು, ‘ಪ್ರೀಎಂಪ್ಷನ್’. ಕಣದ ಕಾಫಿ ಮುಚ್ಚಲು ಅರ್ಧಕ್ಕೇ ಕರೆಸುವುದಕ್ಕೆ ತೋಟದಲ್ಲಿ ಏನನ್ನುತ್ತಾರೆ, ವಿರಾಜಪೇಟೆಯವರು ಹೇಳುವಿರಾ? ಇದು ಸೋಮವಾರದೊಳಗೆ ಸಿಕ್ಕರೆ ಸಾಕು.