ಕಾರ್ನೆಟ್‌ನ ಬಿಳಿ ಹಾಳೆಗೆ ಮುದ್ರೆ ಬಿದ್ದಿಲ್ಲ. ಈಗ ಏನು ಮಾಡಬೇಕು?

ಕೊಪ್ಪಳದ ಗೊಂಬೆ ವ್ಯಾಪಾರಿ:
ಮಾನ್ಯರೇ, ಜರ್ಮನಿಯ ಮೇಳವೊಂದಕ್ಕೆ 40 ಕಿನ್ನಾಳ ಗೊಂಬೆಗಳನ್ನು ಎಟಿಎ ಕಾರ್ನೆಟ್ (ಸರಕನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ದು ತರುವ ಕಸ್ಟಮ್ಸ್ ಪುಸ್ತಿಕೆ) ಮಾಡಿಸಿ ಬೆಂಗಳೂರಿನಿಂದ ವಿಮಾನದಲ್ಲಿ ಒಯ್ದಿದ್ದೆ. ಹೋಗುವಾಗ ಎರಡೂ ಕಡೆ ಮುದ್ರೆ ಬಿದ್ದವು. ಮರಳುವಾಗ ಗಡಿಬಿಡಿಯಲ್ಲಿ ಪೆಟ್ಟಿಗೆಗಳನ್ನು ಮೊದಲೇ ವಿಮಾನದವರ ಕೌಂಟರಿನಲ್ಲಿ ಒಪ್ಪಿಸಿ ಆಮೇಲೆ ಕಸ್ಟಮ್ಸ್ ಕಿಟಕಿಗೆ ಹೋದೆ; ಸರಕನ್ನು ಕಣ್ಣಾರೆ ನೋಡದೆ ಮರುರಫ್ತಿನ ಬಿಳಿ ಹಾಳೆಗೆ ಮುದ್ರೆ ಒತ್ತಲಾಗದು ಎಂದರು. ಬೆಂಗಳೂರಿನಲ್ಲಿ ಮರುಆಮದಿನ ಹಳದಿ ಹಾಳೆಗೆ ಮಾತ್ರ ಮುದ್ರೆಯಾಗಿದೆ. ಈಗ ನಾನು ಭದ್ರತೆಗೆ ಇಟ್ಟ ಹಣ ಬಿಡುಗಡೆಯಾಗುತ್ತಿಲ್ಲ. ಇನ್ನೊಂದು ವಿಷಯ: ಮೂರು ಗೊಂಬೆಗಳನ್ನು ಅಲ್ಲಿಯೇ ಮಾರಿಬಿಟ್ಟೆ.

ಬಳ್ಳಾರಿಯ ಜೀನ್ಸ್ ತಯಾರಕ:
ಮುದ್ರೆಯ ತೊಂದರೆ ಮತ್ತು ಮಾರಾಟದ ತೊಂದರೆ ಬೇರೆ ಬೇರೆ. ಒಂದೇ ಪತ್ರದಲ್ಲಿ ಬೆರೆಸಿ ಬರೆಯಬೇಡಿ.

ಹಳದಿ ಹಾಳೆಗಳು ನಮ್ಮ ದೇಶದ ಗಡಿಗೆ, ಬಿಳಿ ಹಾಳೆಗಳು ಹೋದ ದೇಶದ ಗಡಿಗೆ ಸೇರಿದವು. ಮರುರಫ್ತಿನ ಬಿಳಿ ವೋಚರ್ ಅನ್ನು ಅಲ್ಲಿನ ಕಸ್ಟಮ್ಸ್‌ನವರು ಹರಿದು ಇಟ್ಟುಕೊಳ್ಳದಿದ್ದರೆ, ಸರಕು ತಮ್ಮಲ್ಲಿಯೇ ಉಳಿಯಿತೆಂದು ಅಲ್ಲಿನ ಲೆಕ್ಕ ಹೇಳುತ್ತದೆ. ಆದರೆ 1961ರ ಎಟಿಎ ಒಪ್ಪಂದದಲ್ಲಿಯೇ ಇದಕ್ಕೆ ದಾರಿ ಇದೆ: ಒಪ್ಪಂದಕ್ಕೆ ಸೇರಿದ ಇನ್ನೊಂದು ದೇಶದ ಕಸ್ಟಮ್ಸ್ ಆಮದು ಅಥವಾ ಮರುಆಮದಿನ ವಿವರವನ್ನು ಕಾರ್ನೆಟ್‌ನಲ್ಲಿ ದಾಖಲಿಸಿದ್ದರೆ ಅದನ್ನು ಮರುರಫ್ತಿನ ಪುರಾವೆಯಾಗಿ ಒಪ್ಪಬಹುದು. ಆದ್ದರಿಂದ ಬೆಂಗಳೂರಿನ ಮುದ್ರೆ ಬಿದ್ದ ಕೌಂಟರ್‌ಫಾಯಿಲ್‌ನ (ಕಾರ್ನೆಟ್‌ನಲ್ಲಿಯೇ ಉಳಿಯುವ ತುಂಡಿನ) ಸ್ಪಷ್ಟ ಪ್ರತಿ, ಸಾಮಾನ್ಯ ಪಟ್ಟಿ (ಕಾರ್ನೆಟ್‌ನಲ್ಲಿರುವ ಎಲ್ಲ ಸರಕಿನ ಪಟ್ಟಿ) ಮತ್ತು ಪ್ರಯಾಣದ ಬೋರ್ಡಿಂಗ್ ಪಾಸ್‌ಗಳನ್ನು ಸೇರಿಸಿ, ಕಾರ್ನೆಟ್ ನೀಡಿದ ಸಂಸ್ಥೆಗೆ ಲಿಖಿತವಾಗಿ ಕೊಡಿ. ಕೌಂಟರ್‌ಫಾಯಿಲ್‌ನಲ್ಲಿ ಯಾವ ಯಾವ ಐಟಂ ಸಂಖ್ಯೆಗಳನ್ನು ನಮೂದಿಸಿದ್ದಾರೆಂದು ಮೊದಲು ನೋಡಿಕೊಳ್ಳಿ. ಅಲ್ಲಿ 40 ಎಂದಿದ್ದು ನಿಮ್ಮ ಪೆಟ್ಟಿಗೆಯಲ್ಲಿ 37 ಇದ್ದರೆ ಅದು ಮುದ್ರೆಗಿಂತ ದೊಡ್ಡ ತಲೆನೋವು.

ಇಂಥ ಬದಲಿ ಪುರಾವೆಗೆ ಸಕ್ರಮಗೊಳಿಸುವ ಶುಲ್ಕ ಕೇಳುವ ಹಕ್ಕು ಅಲ್ಲಿನ ಕಸ್ಟಮ್ಸ್‌ಗೆ ಇದೆ, ಹಾಗಾಗಿ ಬಿಲ್ ಬಂದರೆ ಗಾಬರಿಯಾಗಬೇಡಿ. ಅವರು ಸುಂಕ ಕೇಳಿ ಬೇಡಿಕೆ ಕಳಿಸಿದರೆ ಪುರಾವೆ ಒದಗಿಸಲು ಖಾತರಿ ನೀಡಿದ ಸಂಸ್ಥೆಗೆ ಆರು ತಿಂಗಳ ಕಾಲಾವಕಾಶ ಇರುತ್ತದೆ. ಕಾರ್ನೆಟ್‌ನ ಅವಧಿ ಮುಗಿದು ಒಂದು ವರ್ಷದೊಳಗೆ ಬೇಡಿಕೆ ಬರಬಹುದಾದ್ದರಿಂದ ಮೂಲ ಕಾಗದಗಳನ್ನು ಅಲ್ಲಿಯವರೆಗೆ ಎಲ್ಲಿಯೂ ಕೊಡಬೇಡಿ. ಕೊಡಲೇಬೇಕಾದರೆ ಪ್ರತಿ ಇಟ್ಟುಕೊಂಡೇ ಕೊಡಿ.

ಮೂರು ಗೊಂಬೆಗಳ ವಿಷಯ ಅಷ್ಟು ಸುಲಭವಿಲ್ಲ. ಕಾರ್ನೆಟ್ ಎಂದರೆ ತಿರುಗಿ ತರುತ್ತೇನೆಂಬ ಮಾತು. ಮಾರಿದ ಕೂಡಲೇ ಅದು ಅಲ್ಲಿನ ಆಮದು. ಅವಕ್ಕೆ ಅಲ್ಲಿನ ಸುಂಕ ಮತ್ತು ತೆರಿಗೆ ಕಟ್ಟಲೇಬೇಕು. ಒಪ್ಪಂದದ ಪ್ರಕಾರ ಸಂಸ್ಥೆಯಿಂದ ಕೇಳುವ ಮೊತ್ತ ಆ ಸುಂಕ-ತೆರಿಗೆಗಿಂತ ಶೇ. 10ಕ್ಕಿಂತ ಹೆಚ್ಚಾಗಿ ಮೀರುವಂತಿಲ್ಲ. ಕೊನೆಗೆ ಅದು ನಿಮ್ಮ ಭದ್ರತೆಯ ಹಣದಿಂದಲೇ ಹೋಗುತ್ತದೆ. ಅವರು ಕಂಡುಹಿಡಿಯುವ ಮೊದಲು ನೀವೇ ತಿಳಿಸಿ.

ರಾಯಚೂರಿನ ಲೆಕ್ಕಪತ್ರದವರು:
ಜಿಎಸ್‌ಟಿ ಕಡೆ ಒಂದು ಮಾತು. 2019ರ ಸುತ್ತೋಲೆ 108ರ ಪ್ರಕಾರ ಪ್ರದರ್ಶನಕ್ಕೆಂದು ಡೆಲಿವರಿ ಚಲನ್ ಮೇಲೆ ಹೊರದೇಶಕ್ಕೆ ಒಯ್ದ ಸರಕು ಪೂರೈಕೆಯಲ್ಲ. ಒಯ್ದ ದಿನದಿಂದ ಆರು ತಿಂಗಳೊಳಗೆ ತರಬೇಕು ಅಥವಾ ಮಾರಬೇಕು. ಮಾರಿದ ಮೂರಕ್ಕೆ ತೆರಿಗೆ ಇನ್‌ವಾಯ್ಸ್ ಮಾಡಿ; ಮರಳಿದ 37ಕ್ಕೆ ಇನ್‌ವಾಯ್ಸ್ ಬೇಕಿಲ್ಲ.

ಕೊಪ್ಪಳದ ಗೊಂಬೆ ವ್ಯಾಪಾರಿ:
ಕೌಂಟರ್‌ಫಾಯಿಲ್ ತೆಗೆದು ನೋಡಿದೆ. ಅದೃಷ್ಟಕ್ಕೆ ಅಧಿಕಾರಿಯವರು 37 ಐಟಂಗಳ ಸಂಖ್ಯೆಗಳನ್ನು ಒಂದೊಂದಾಗಿ ಬರೆದಿದ್ದಾರೆ. ಪ್ರತಿಗಳನ್ನು ಮತ್ತು ಮಾರಿದ ಮೂರರ ವಿವರವನ್ನು ಇಂದು ಬೇರೆ ಬೇರೆ ಪತ್ರಗಳಲ್ಲಿ ಕಳಿಸಿದ್ದೇನೆ. ಮುಂದಿನ ಸಲ ಮಾರಲು ಒಯ್ಯುವ ಗೊಂಬೆಗಳನ್ನು ಮಾಮೂಲಿ ಶಿಪ್ಪಿಂಗ್ ಬಿಲ್ (ರಫ್ತಿನ ಕಸ್ಟಮ್ಸ್ ಘೋಷಣೆ) ಮೇಲೆ ಬೇರೆ ಪೆಟ್ಟಿಗೆಯಲ್ಲಿ ಒಯ್ದರೆ ಸಾಕಲ್ಲವೇ?

ಬಳ್ಳಾರಿಯ ಜೀನ್ಸ್ ತಯಾರಕ:
ಸಾಕು. ಕಾರ್ನೆಟ್ ಪೆಟ್ಟಿಗೆಗೆ ಗುರುತಿಗೊಂದು ಕೆಂಪು ಚೀಟಿ ಅಂಟಿಸಿಕೊಳ್ಳಿ, ಮೇಳದ ಕೊನೆಯ ದಿನದ ಗದ್ದಲದಲ್ಲಿ ಕೈ ತಪ್ಪುತ್ತದೆ. ಮರಳುವಾಗ ಮೊದಲು ಕಸ್ಟಮ್ಸ್, ಆಮೇಲೆ ವಿಮಾನದವರ ಕೌಂಟರ್.